ಹಳದಿಗೆ ತಿರುಗಿದ ಗುಂಡಿ

ಹಳದಿಯಾಗಬೇಡ, ದಮ್ಮಯ್ಯ, ಹಳದಿಯಾಗಬೇಡ ಎಂದು ಅವಳು ಒಂದು ಪ್ಲಾಸ್ಟಿಕ್ ತಟ್ಟೆಗೆ ಮನಸ್ಸಿನಲ್ಲೇ ಅಂಗಲಾಚುತ್ತಿದ್ದಳು. ಯಾರಾದರೂ ಕೇಳಿಸಿಕೊಂಡಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು. ಇಷ್ಟು ವರ್ಷ ಇದೇ ಮೇಜಿನ ಮುಂದೆ, ಇದೇ ಎತ್ತರದ ಸ್ಟೂಲಿನ ಮೇಲೆ ಕೂತು, ಒಲೆಯ ಮೇಲಿನ ಹಾಲು ಕಾಯುವವಳಷ್ಟೇ ನಿರಾಳವಾಗಿ ಬಣ್ಣಕ್ಕೆ ಕಾದವಳು ಅವಳು. ಕಾಯುವ ಹೊತ್ತಿನಲ್ಲಿ ಉಗುರು ಕತ್ತರಿಸಿಕೊಂಡದ್ದೂ ಉಂಟು, ಸಂಜೆಗೆ ಏನು ಅಡುಗೆ ಎಂದು ಲೆಕ್ಕ ಹಾಕಿದ್ದೂ ಉಂಟು. ತಟ್ಟೆಯ ತುಂಬ ಸಾಲುಸಾಲು ಪುಟ್ಟ ಗುಂಡಿಗಳು, ಒಂದೊಂದೂ ಕಿರುಬೆರಳಿನ ತುದಿ ಹಿಡಿಸದಷ್ಟು ಚಿಕ್ಕವು. ದ್ರಾಕ್ಷಿ ಬಳ್ಳಿಯ ಕಡ್ಡಿಯನ್ನು ಹೆರೆದು, ತೊಗಟೆಯ ಕೆಳಗಿನ ಹಸಿರು ಪದರವನ್ನು ಅರೆದು, ಆ ರಸವನ್ನು ಗುಂಡಿಗೆ ಬಿಟ್ಟು, ತೊಳೆದು, ಇನ್ನೊಂದು ದ್ರಾವಣ ಬಿಟ್ಟು, ಮತ್ತೆ ತೊಳೆದು, ಕೊನೆಗೆ ಬಣ್ಣ ಬರಿಸುವ ಹನಿ ಹಾಕಿ ಕೂತರಾಯಿತು. ವೈರಸ್ ಇದ್ದ ಗುಂಡಿ ಹಳದಿಗೆ ತಿರುಗುತ್ತದೆ, ಇಲ್ಲದ್ದು ನೀರಿನ ಹಾಗೇ ಇರುತ್ತದೆ. ಬಳ್ಳಿ ಯಾರದ್ದು, ಅವರ ಮನೆಯಲ್ಲಿ ಇವತ್ತು ಗಂಟಲಲ್ಲಿ ಅನ್ನ ಇಳಿಯುತ್ತದೋ ಇಲ್ಲವೋ, ಅದೆಲ್ಲ ತಟ್ಟೆಗೆ ಗೊತ್ತಿಲ್ಲ. ಅವಳಿಗೂ ಗೊತ್ತಾಗುವಂತಿರಲಿಲ್ಲ, ಮಾದರಿಗಳ ಮೇಲೆ ಇರುವುದು ಬರೀ ನಂಬರು. ಆದರೆ ಇವತ್ತು ಕೊನೆಯ ಸಾಲಿನ ಮೂಲೆಯಲ್ಲಿ, ಯಾವಾಗಲೂ ಖಾಲಿ ಬಿಡುವ ಗುಂಡಿಯಲ್ಲಿ, ನಂಬರಿಲ್ಲದ ಒಂದು ರಸ ಕೂತಿತ್ತು. ಅದು ಅವಳ ಮಾವನವರ ಅಂಗಳದ ಚಪ್ಪರದ ಬಳ್ಳಿಯದು.

ಕದ್ದು ತಂದದ್ದು, ಇನ್ನೇನು ಹೇಳುವುದು. ಮೊನ್ನೆ ಬಟ್ಟೆ ಒಣಹಾಕುವ ನೆಪದಲ್ಲಿ ಚಪ್ಪರದ ಕೆಳಗೆ ನಿಂತು, ಗಂಡನ ಅಂಗಿ ತಂತಿಯ ಮೇಲೆ ಹರವುತ್ತ, ಇನ್ನೊಂದು ಕೈಯಿಂದ ಕತ್ತರಿ ಆಡಿಸಿ ಗೇಣುದ್ದದ ಕಡ್ಡಿಯನ್ನು ಒದ್ದೆ ಟವೆಲ್ಲಿನೊಳಗೆ ಸುತ್ತಿಕೊಂಡಿದ್ದಳು. ಅಡುಗೆಮನೆಯ ಕಿಟಕಿಯಲ್ಲಿ ಅತ್ತೆಯ ಮುಖ ಕಂಡಂತಾಯಿತು. ಅತ್ತೆ ನೋಡುತ್ತಿದ್ದುದು ಬೆಕ್ಕನ್ನು. ಆದರೂ ಅವತ್ತಿಡೀ ಅತ್ತೆ ಲೋಟ ಕುಕ್ಕಿದರೂ, ಸುಮ್ಮನೆ ಕೆಮ್ಮಿದರೂ ಗೊತ್ತಾಗಿಬಿಟ್ಟಿದೆ ಅನ್ನಿಸುತ್ತಿತ್ತು. ಕಡ್ಡಿ ಊಟದ ಡಬ್ಬಿಯ ಪಕ್ಕ ಬ್ಯಾಗಿನಲ್ಲಿ ಮಲಗಿ ಲ್ಯಾಬಿಗೆ ಬಂದಿತು. ಇದಕ್ಕೆಲ್ಲ ಕಾರಣ ಒಬ್ಬ ಉದ್ದನೆಯ ಮನುಷ್ಯ. ಹೊಸದಾಗಿ ತೋಟ ಎಬ್ಬಿಸಿ, ಮೊದಲ ಬೆಳೆಯೂ ಕಾಣದೆ, ತನ್ನ ಬಳ್ಳಿಗಳ ಫಲಿತಾಂಶ ಕೇಳಲು ಬಂದು ಕಾರಿಡಾರಿನ ಬೆಂಚಿನಲ್ಲಿ ಮಂಡಿ ಮಡಚಿಕೊಂಡು ಕೂತಿದ್ದ. ಅವಳು ಹೋಗಿ ನಿಂತೇ ಹೇಳಿದ್ದಳು, "ಎಲೆ ಮುದುಡೋ ರೋಗ. ಔಷಧಿ ಇಲ್ಲ. ಬೇರು ಸಮೇತ ಕಿತ್ತು ಸುಟ್ಟುಬಿಡಿ. ಬುಡ ಮಣ್ಣಲ್ಲಿ ಉಳೀಬಾರದು." ಬಸ್ಸು ಎಷ್ಟು ಹೊತ್ತಿಗೆ ಎಂದು ಹೇಳುವವರ ಧ್ವನಿ. ಆ ಮನುಷ್ಯ ಅಳಲಿಲ್ಲ, ಕೂಗಾಡಲಿಲ್ಲ, ಸುಮ್ಮನೆ ನಕ್ಕ. ಆಮೇಲೆ ಕೇಳಿದ, "ನಿಮ್ಮನೇಲಿ ಬಳ್ಳಿ ಇದ್ಯಾ ಮೇಡಂ?" ಇದೆ ಅಂದಳು. "ಅದನ್ನ ನೋಡಿದೀರಾ?" ಎಂದ. ಕುಹಕವಲ್ಲ, ನಿಜವಾಗಿ ತಿಳಿದುಕೊಳ್ಳುವುದಕ್ಕೇ ಕೇಳಿದ. ಅವಳು ಒಳಗೆ ಬಂದುಬಿಟ್ಟಳು. ಅಲ್ಲಿಂದ ಇಲ್ಲಿಯವರೆಗೆ ಮನಸ್ಸಿಗೆ ನೆಮ್ಮದಿ ಎನ್ನುವುದಿಲ್ಲ.

ಏಕೆ ನೋಡಿರಲಿಲ್ಲ? ಕಪ್ಪು ದ್ರಾಕ್ಷಿಯಾದರೆ ಎಲೆ ಕೆಂಪಗಾಗಿ ರೋಗವನ್ನು ಊರಿಗೆಲ್ಲ ಸಾರುತ್ತದೆ. ಬಿಳಿ ದ್ರಾಕ್ಷಿ ಬಾಯಿ ಬಿಡುವುದಿಲ್ಲ. ಮಾವನವರದ್ದು ಬಿಳಿ. ಎಲೆಯ ಅಂಚು ಒಂಚೂರು ಕೆಳಗೆ ಮಡಚಿಕೊಂಡಿರುತ್ತಿತ್ತು, ಅದು ಅದರ ಗತ್ತು ಎನ್ನುತ್ತಿದ್ದರು ಮಾವ. ಸುತ್ತಲಿನ ಬಳ್ಳಿಗಳೆಲ್ಲ ಹಣ್ಣಾಗಿ ಮುಗಿದ ಮೇಲೂ ಇದರ ಗೊಂಚಲು ಹುಳಿಹುಳಿಯಾಗಿ ತೂಗುತ್ತಿತ್ತು. ನಮ್ಮದು ಅವಸರದ ಜಾತಿ ಅಲ್ಲಮ್ಮಾ ಎಂದು ಅವರೇ ಬಂದವರಿಗೆಲ್ಲ ಹೇಳುತ್ತಿದ್ದರು, ಅವಳೂ ಪಕ್ಕದಲ್ಲಿ ನಿಂತು ತಲೆಯಾಡಿಸಿದ್ದಳು. ಲಕ್ಷಣಗಳನ್ನು ಬೇರೆಯವರಿಗೆ ಬೆರಳು ಮಡಚಿ ಹೇಳಿಕೊಡುವವಳು, ದಿನಾ ಬೆಳಿಗ್ಗೆ ಅದೇ ಚಪ್ಪರದ ಕೆಳಗೆ ಕೂತು ಕಾಫಿ ಕುಡಿಯುವವಳು, ಕತ್ತೆತ್ತಿ ನೋಡಿರಲಿಲ್ಲ. ಅಲ್ಲ, ನೋಡಿದ್ದಳು. ನೋಡಿಯೂ ಒಳಗಡೆ ಯಾವುದೋ ಬಾಗಿಲು ಹಾಕಿಕೊಂಡಿದ್ದಳು ಅಂತ ಈಗ ಗೊತ್ತಾಗುತ್ತಿತ್ತು, ಗೊತ್ತಾದಷ್ಟೂ ತನ್ನ ಮೇಲೆ ತನಗೇ ಹೇಸಿಗೆ.

ಮೂಲೆಯ ಗುಂಡಿ ಹಳದಿಗೆ ತಿರುಗಿತ್ತು. ಯಾವಾಗ ತಿರುಗಿತೋ, ಕಣ್ಣೆದುರೇ ಇದ್ದರೂ ಆ ಗಳಿಗೆ ತಪ್ಪಿಹೋಗಿತ್ತು. ರೋಗವಿದೆಯೆಂದು ಗೊತ್ತಿದ್ದೇ, ಹೋಲಿಕೆಗೆಂದು ಹಾಕುವ ರಸದ ಗುಂಡಿಗಳಿಗಿಂತಲೂ ಇದು ಗಾಢವಾಗಿತ್ತು. ಅವಳು ತಟ್ಟೆಯನ್ನು ಎತ್ತಿ ಬೆಳಕಿಗೆ ಹಿಡಿದಳು, ಕೆಳಗೆ ಬಿಳಿಯ ಕಾಗದ ಇಟ್ಟು ನೋಡಿದಳು, ಕಣ್ಣು ಮುಚ್ಚಿ ತೆಗೆದಳು. ಅಷ್ಟರಲ್ಲಿ ಪಕ್ಕದ ಮೇಜಿನ ಸಹೋದ್ಯೋಗಿ ಬಂದು ಬೆನ್ನ ಹಿಂದೆ ನಿಂತ. ಕನ್ನಡಕ ಹಣೆಯ ಮೇಲಿಟ್ಟುಕೊಂಡೇ ಲ್ಯಾಬೆಲ್ಲ ಕನ್ನಡಕ ಹುಡುಕುವ ಆಸಾಮಿ. ಎಲ್ಲರೂ ಅವನನ್ನು ಕನ್ನಡಕ ಎಂದೇ ಕರೆಯುವುದು. "ಇದೇನಿದು ಮೇಡಂ, ಖಾಲಿ ಗುಂಡಿ ಹಳದಿ ಹೊಡ್ದಿದೆ? ಎಲ್ಲೋ ರಸ ಚೆಲ್ಲಾಡಿದೆ. ಹಂಗಾದ್ರೆ ಈ ತಟ್ಟೆ ಪೂರ್ತಿ ನಂಬೋ ಹಾಗಿಲ್ಲವಲ್ಲ, ಮತ್ತೆ ಮೊದಲಿಂದ ಮಾಡ್ಬೇಕಾ?" ಎಂದ. ಅವನು ಹೇಳುವುದು ನ್ಯಾಯವೇ. ಖಾಲಿ ಇರಬೇಕಾದ್ದು ಬಣ್ಣ ತೋರಿಸಿದರೆ ಉಳಿದ ಗುಂಡಿಗಳ ಮಾತಿಗೆ ಬೆಲೆಯಿಲ್ಲ. ಯಾರು ಯಾರದೋ ತೋಟಗಳು ಆ ತಟ್ಟೆಯಲ್ಲಿ ಕಾದು ಕೂತಿದ್ದವು. ಅವಳ ಬಾಯಿಂದ ಸುಳ್ಳು ಸರಾಗವಾಗಿ ಬಂತು, "ಚೆಲ್ಲಿಲ್ಲ ಕಣ್ರೀ, ನಾನೇ ಹಾಕಿದ್ದು. ರೋಗದ ರಸ ಒಂದು ಹನಿ ಉಳಿದಿತ್ತು, ದಂಡ ಆಗುತ್ತಲ್ಲ ಅಂತ." ಅವನು ನಕ್ಕ. "ನೀವು ಬಿಡಿ, ನೀರನ್ನೂ ಬಿಸಾಕೋರಲ್ಲ" ಎಂದು ಹೇಳಿ ಹೋದ. ಇಷ್ಟು ಸುಲಭವಾಗಿ ನಂಬಿಬಿಡುತ್ತಾರಲ್ಲ, ಎಂದು ಅವಳಿಗೆ ಭಯವಾಯಿತು.

ಕೈ ತೊಳೆಯುವ ತೊಟ್ಟಿಯ ಹತ್ತಿರ ನಿಂತಾಗ ಒಂದು ಆಸೆ ಚಿಗುರಿತು. ಲ್ಯಾಬಿನ ಹಿರಿಯ ಮೇಡಂ, ಈಗ ನಿವೃತ್ತರಾಗಿರುವವರು, ಕೆಲಸ ಕಲಿಸುವಾಗ ಹೇಳಿದ್ದರು: ಪ್ರತಿ ಮಾದರಿಗೂ ಎರಡು ಗುಂಡಿ ಹಾಕಬೇಕು ಕಣೇ, ಎರಡೂ ಒಂದೇ ಮಾತು ಹೇಳಿದರೆ ಫಲಿತಾಂಶ, ಒಂದು ಗುಂಡಿ ಮಾತ್ರ ಹೇಳಿದರೆ ಅದು ಚಾಡಿಮಾತು. ಅವಳು ಹಾಕಿದ್ದು ಒಂದೇ. ಖಾಲಿ ಇದ್ದದ್ದು ಒಂದೇ, ಹಾಗಾಗಿ ಒಂದೇ. ಇಷ್ಟು ವರ್ಷ ಒಂದು ಗುಂಡಿಯ ಮಾತನ್ನು ಅವಳು ಯಾರ ವಿಷಯದಲ್ಲೂ ನಂಬಿದವಳಲ್ಲ. ಮಾವನವರ ವಿಷಯದಲ್ಲಿ ಮಾತ್ರ ಏಕೆ ನಂಬಬೇಕು? ನಿಯಮದ ಪ್ರಕಾರ ಇದು ಲೆಕ್ಕಕ್ಕೇ ಇಲ್ಲ. ಎಷ್ಟು ಚೆಂದವಾಗಿ ವಾದ ಹೂಡಿತು ಮನಸ್ಸು! ಮೊದಲೇ ಗೊತ್ತಿದ್ದು ಒಂದೇ ಗುಂಡಿ ಹಾಕಿದೆಯೇನೇ ಎಂದು ಇನ್ನೊಂದು ಮನಸ್ಸು ಕೇಳಿತು. ಬೇರೆ ಮಾದರಿಯೊಂದನ್ನು ನಾಳಿದ್ದಿಗೆ ಸರಿಸಿ ಜಾಗ ಮಾಡಿಕೊಳ್ಳಬಹುದಿತ್ತು, ಮಾಡಿಕೊಳ್ಳಲಿಲ್ಲ. ತಪ್ಪಿಸಿಕೊಳ್ಳುವ ಕಿಂಡಿಯೊಂದನ್ನು ಬಿಟ್ಟುಕೊಂಡೇ ಒಳಗೆ ಕಾಲಿಟ್ಟಿದ್ದಳು. ಸೋಪಿನ ನೊರೆ ಮೊಣಕೈವರೆಗೂ ಏರಿತ್ತು, ಅವಳು ಉಜ್ಜುತ್ತಲೇ ಇದ್ದಳು.

ಅರ್ಧ ದಿನದ ಕೆಲಸ ಮುಗಿದು ಬಸ್ಸಿಳಿದು ನಡೆಯುವಾಗ ಬಿಸಿಲಿತ್ತು, ಆದರೆ ಬಿಸಿಲಿಗೆ ಬಿಸಿಯಿರಲಿಲ್ಲ. ಇವತ್ತು ಮಾವ ಬಳ್ಳಿ ಕತ್ತರಿಸುವ ದಿನ. ಎಲೆ ಉದುರಿದ ಮೇಲೆ ವರ್ಷಕ್ಕೊಮ್ಮೆ ಅವರು ಚಪ್ಪರ ಹಗುರ ಮಾಡುತ್ತಾರೆ, ಕತ್ತರಿಸಿದ ಕಡ್ಡಿಗಳನ್ನು ಕಟ್ಟು ಕಟ್ಟಿ ಕೇಳಿದವರಿಗೆಲ್ಲ ಕೊಡುತ್ತಾರೆ, ಪುಕ್ಕಟೆ. ಅದರಲ್ಲಿ ಅವರಿಗೊಂದು ದೊಡ್ಡಸ್ತಿಕೆ, ಬೇರೇನೂ ದೊಡ್ಡಸ್ತಿಕೆ ಇಲ್ಲದ ಮನುಷ್ಯನಿಗೆ ಅಷ್ಟೂ ಇರಬಾರದೇ. ರಸ್ತೆಯ ಎರಡೂ ಬದಿಯ ಮನೆಗಳ ಮುಂದೆ ಬೋಳು ಚಪ್ಪರಗಳು. ಗೇಟಿನ ಮೇಲೆ ಹಬ್ಬಿದ್ದು ಒಂದು, ಗ್ಯಾರೇಜಿನ ಸೂರು ಹಿಡಿದದ್ದು ಒಂದು, ಶಾಲೆಯ ಕಾಂಪೌಂಡಿನ ಮೇಲೆ ಮಲಗಿದ್ದು ಒಂದು. ಎಲ್ಲ ಮಾವನವರ ಬಳ್ಳಿಯ ಮಕ್ಕಳು, ಮೊಮ್ಮಕ್ಕಳು. ದಿನಾ ಈ ದಾರಿಯಲ್ಲಿ ನಡೆಯುವಾಗ ಹೆಮ್ಮೆಯಿಂದ ನೋಡುತ್ತಿದ್ದಳು. ಇವತ್ತು ಅವು ಕಂದು ಕೈಗಳನ್ನು ಚಾಚಿಕೊಂಡು ಅವಳನ್ನೇ ನೋಡುತ್ತಿದ್ದವು. ಕಡ್ಡಿಯ ಜೊತೆಗೇ ರೋಗ ಹೋಗುತ್ತದೆ, ಬೇರೆ ವಾಹನ ಬೇಕಿಲ್ಲ. ಹೇಗಿದ್ದರೂ ಹಬ್ಬಿಯಾಗಿದೆಯಲ್ಲ, ಇನ್ನು ಹೇಳಿ ಏನು ಪ್ರಯೋಜನ ಎಂದುಕೊಂಡಳು. ಪ್ರಯೋಜನವಿತ್ತು. ಇಲ್ಲಿಯವರೆಗೆ ಅಂಗಳಕ್ಕೊಂದು ಬಳ್ಳಿ, ತಿನ್ನುವುದಕ್ಕೆ ನಾಲ್ಕು ಗೊಂಚಲು. ಈ ವರ್ಷ ಕೇಳಿಕೊಂಡು ಬರುವವರು ತೋಟ ಹಾಕುವವರು. ಅವಳ ಸ್ವಂತ ಅಣ್ಣನೇ ಬರುವವನಿದ್ದ, ಹೊಲದ ತುಂಬ ಕಂಬ ನೆಟ್ಟು ತಂತಿ ಎಳೆದು ಮುಗಿಸಿದ್ದ. ಹೇಳಲೇಬೇಕೆಂದು ಮನೆ ತಲುಪುವುದರೊಳಗೆ ಅವಳು ಹಲ್ಲು ಕಚ್ಚಿ ನಿರ್ಧರಿಸಿದಳು.

ಅಂಗಳದಲ್ಲಿ ಮದುವೆ ಮನೆಯಷ್ಟು ಗಲಾಟೆ. ಮಾವ ಸ್ಟೂಲ್ ಹತ್ತಿ ಕತ್ತರಿ ಆಡಿಸುತ್ತಿದ್ದರು. ಗಂಡ ಕೆಳಗೆ ಕುಕ್ಕರುಗಾಲಲ್ಲಿ ಕೂತು ಬಿದ್ದ ಕಡ್ಡಿಗಳನ್ನು ಒಂದೇ ಅಳತೆಗೆ ತುಂಡು ಮಾಡಿ, ಕಟ್ಟು ಕಟ್ಟಿ, ಒದ್ದೆ ಗೋಣಿಯಲ್ಲಿ ಸುತ್ತುತ್ತಿದ್ದ. ಅತ್ತೆ ಟ್ರೇ ಹಿಡಿದು ಬಂದವರಿಗೆಲ್ಲ ಚಹಾ ಕೊಡುತ್ತಿದ್ದರು. ಅಣ್ಣ ಆಗಲೇ ಬಂದಿದ್ದ, ದೊಡ್ಡ ಖಾಲಿ ಚೀಲ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಬುಡವನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದ. "ನೋಡೇ ಪುಟ್ಟಿ, ಎಂಥಾ ಬುಡ! ಎರಡು ಕೈಲಿ ತಬ್ಬಿದ್ರೂ ಸಿಗಲ್ಲ" ಎಂದ. ಗೋಡೆಯ ಮೂಲೆಯಲ್ಲಿ ಎಲ್ಲಕ್ಕಿಂತ ದಪ್ಪನೆಯ ಕಟ್ಟೊಂದು ನಿಂತಿತ್ತು. "ಅದು ನಿಮ್ಮಣ್ಣಂದು. ಒಳ್ಳೆ ಒಳ್ಳೆ ಕಡ್ಡಿ ಆರಿಸಿ ಇಟ್ಟಿದಾರೆ ಅಪ್ಪ" ಎಂದು ಗಂಡ ಪಿಸುಗುಟ್ಟಿದ. ಅವಳು ಸ್ಟೂಲಿನ ಹತ್ತಿರ ಹೋಗಿ, "ಮಾವ, ಒಂದ್ನಿಮಿಷ ಹಿಂದುಗಡೆ ಬರ್ತೀರಾ?" ಎಂದಳು. "ಏನಮ್ಮಾ? ಇಲ್ಲೇ ಹೇಳು, ನಮ್ಮವರೇ ತಾನೆ ಎಲ್ಲಾ." "ಇಲ್ಲ, ಬನ್ನಿ." ಅವಳ ಮುಖ ನೋಡಿ ಅವರು ಕತ್ತರಿ ಕೈಯಲ್ಲೇ ಹಿಡಿದು ಇಳಿದರು. ನಡೆಯುವಾಗ ಬಂದವರಿಗೆ, "ನಮ್ಮ ಲ್ಯಾಬು ಸೊಸೆಗೆ ಏನೋ ಗುಟ್ಟು ಹೇಳಬೇಕಂತೆ" ಎಂದು ನಗೆ ಮಾಡಿದರು, ಎಲ್ಲರೂ ನಕ್ಕರು.

ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತು, ಸುತ್ತಿ ಬಳಸದೆ ಹೇಳಿಬಿಟ್ಟಳು. "ಬಳ್ಳಿಗೆ ರೋಗ ಇದೆ ಮಾವ. ಎಲೆ ಮುದುಡೋದು. ಇವತ್ತು ನೋಡಿದೆ." ಅವರು ಅಂಗಳದ ಕಡೆ ತಿರುಗಲಿಲ್ಲ, ಅವಳ ಕೈಗಳನ್ನು ನೋಡಿದರು. "ಕಡ್ಡಿ ಎಲ್ಲಿ ಸಿಕ್ತು ನಿಂಗೆ?" "ನಾನೇ ಕತ್ತರಿಸಿಕೊಂಡೆ." "ಯಾವಾಗ?" "ಮೊನ್ನೆ. ಬಟ್ಟೆ ಒಣಹಾಕುವಾಗ." "ಕೇಳಿದ್ರೆ ನಾನೇ ಕತ್ತರಿಸಿ ಕೊಡ್ತಿರ್ಲಿಲ್ವೇನಮ್ಮಾ? ನಿನ್ನ ಮನೇಲೇ ನೀನು ಕದಿಯೋದಾ?" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಧ್ವನಿಯಲ್ಲಿ ಸಿಟ್ಟೇ ಇರಲಿಲ್ಲ, ಚಿಕ್ಕ ಹುಡುಗಿಯ ಜೇಬಿನಲ್ಲಿ ಏನೋ ಸಿಕ್ಕಿದಾಗ ಕೇಳುವ ಹಾಗೆ ಕೇಳಿದರು, ಅವಳು ನಾಚಿಕೆಯಿಂದ ಹಿಡಿಯಷ್ಟಾದಳು. ರೋಗದ ಮಾತು ಎಲ್ಲೋ ಪಕ್ಕಕ್ಕೆ ಸರಿದು ಟವೆಲ್ಲು, ಕತ್ತರಿ, ಕಳ್ಳತನ ಇವೇ ಮುಂದೆ ಬಂದು ನಿಂತವು. ತಪ್ಪಾಯ್ತು ಮಾವ ಎಂದಳು. ಹಾಗೆನ್ನುವಾಗ, ತಾನು ಯಾವುದಕ್ಕೆ ಇಲ್ಲಿಗೆ ಕರೆದುಕೊಂಡು ಬಂದೆನೋ ಅದು ಕೈ ಜಾರುತ್ತಿದೆ ಎಂದು ಗೊತ್ತಾಗುತ್ತಿತ್ತು.

"ಖಂಡಿತಾನಾ?" ಎಂದು ಕೇಳಿದರು ಮಾವ. ಅದೇ ಗಳಿಗೆ. ಹೌದು ಎಂದಿದ್ದರೆ ಮುಗಿಯುತ್ತಿತ್ತು. ಅವಳು, "ಒಂದೇ ಗುಂಡಿ ಹಾಕಿದ್ದೆ. ಎರಡು ಹಾಕ್ಬೇಕು. ನಿಯಮದ ಪ್ರಕಾರ ಒಂದು ಲೆಕ್ಕಕ್ಕೆ ಬರಲ್ಲ" ಎಂದಳು. "ಹಂಗಾದ್ರೆ ಖಂಡಿತ ಇಲ್ಲ." "ಇಲ್ಲ... ಇದೆ ಮಾವ. ನಂಗೊತ್ತು." ಅವರು ಕತ್ತರಿಯ ಬಾಯಿ ಮುಚ್ಚಿ ತೆಗೆದು ಮಾಡಿದರು. ಅವರ ಕೆನ್ನೆಯ ಮೇಲೆ ತೊಗಟೆಯ ಪುಡಿ ಅಂಟಿತ್ತು. "ಅಷ್ಟು ಜನ ಕೂತಿದಾರೆ ಅಲ್ಲಿ. ಚಹಾ ಕುಡೀತಿದಾರೆ. ಈಗ ಹೋಗಿ, ನಾನು ಇಷ್ಟು ವರ್ಷ ನಿಮಗೆಲ್ಲ ರೋಗ ಹಂಚಿದ್ದು ಅಂತ ಹೇಳ್ಲಾ? ಹೇಳ್ಬೇಕು ಅಂದ್ರೆ ಹೇಳ್ತೀನಿ. ನೀನು ಹೇಳು ಅನ್ನು, ಹೇಳ್ತೀನಿ." ಹೇಳಿ ಎನ್ನಲು ಅವಳಿಗೆ ನಾಲಿಗೆ ಏಳಲಿಲ್ಲ. ಆ ಉದ್ದನೆಯ ಮನುಷ್ಯನಿಗೆ ನಿಂತಲ್ಲೇ ಹೇಳಿದ ನಾಲಿಗೆ ಇದೇ. ಅವನೂ ಯಾರಿಗೋ ಮಾವನೇ ಇದ್ದಾನು. ಅವಳ ಮೌನವನ್ನು ಅವರು ತಮಗೆ ಬೇಕಾದ ಕಡೆಯಿಂದ ಓದಿಕೊಂಡರು. ಕೆಳದನಿಯಲ್ಲಿ, ಉಪಕಾರ ಮಾಡುವವರ ಮೃದುತನದಲ್ಲಿ ಹೇಳಿದರು, "ಒಂದು ಕೆಲಸ ಮಾಡೋಣ. ನಿಮ್ಮಣ್ಣನಿಗೆ ಕೊಡೋದು ಬೇಡ. ಏನೋ ಒಂದು ನೆಪ ಹೇಳ್ತೀನಿ. ಅವನ ತೋಟ ಚೆನ್ನಾಗಿರಲಿ. ಆಯ್ತಲ್ಲ?"

ಅವಳಿಗೆ ಹಾಯೆನಿಸಿತು. ಛೀ, ಎಷ್ಟು ಬೇಗ! ಯೋಚಿಸಿ, ತೂಗಿ, ಒಪ್ಪಿದ್ದಲ್ಲ; ಅಣ್ಣನ ಕಂಬಗಳು, ಎಳೆದ ತಂತಿಗಳು, ಅಣ್ಣನ ಮಕ್ಕಳು ಕಣ್ಣ ಮುಂದೆ ಬಂದು ಎದೆಯ ಮೇಲಿಂದ ಕಲ್ಲು ಇಳಿದಂತೆ ಉಸಿರು ತಾನಾಗಿ ಹೊರಗೆ ಬಂತು, ತಲೆ ತಾನಾಗಿ ಅಲ್ಲಾಡಿತು. ಮಾವ ಆ ತಲೆಯಾಡಿಸುವಿಕೆಯನ್ನು ನೋಡಿದರು, ತಾವೂ ತಲೆಯಾಡಿಸಿದರು. ಮದುವೆಯಾಗಿ ಬಂದಾಗಿನಿಂದ ಅವರಿಬ್ಬರ ನಡುವೆ ಇಷ್ಟು ಒಗ್ಗಟ್ಟು ಯಾವತ್ತೂ ಇರಲಿಲ್ಲ. ಅವರ ಬೆನ್ನ ಹಿಂದೆ ಅಂಗಳಕ್ಕೆ ನಡೆಯುವಾಗ, ಈಗಲೂ ಕೂಗಿ ಹೇಳಬಹುದು, ಈಗಲೂ ಹೇಳಬಹುದು ಎಂದು ಹೆಜ್ಜೆ ಹೆಜ್ಜೆಗೂ ಅಂದುಕೊಂಡಳು.

ಮಾವ ಅಣ್ಣನ ಹೆಗಲ ಮೇಲೆ ಕೈ ಇಟ್ಟು, "ನೋಡಪ್ಪಾ, ಈ ಸಲ ಕಡ್ಡಿ ಕಮ್ಮಿ ಬಿದ್ದಿದೆ. ನೀನು ನಮ್ಮವನೇ ತಾನೆ, ಮುಂದಿನ ವರ್ಷ ನೋಡೋಣ" ಎಂದರು. ಅಣ್ಣ ಕಡ್ಡಿಯ ರಾಶಿಯನ್ನು ನೋಡಿದ, ಮೂಲೆಯ ಕಟ್ಟನ್ನು ನೋಡಿದ, ಸುತ್ತ ಚಹಾ ಲೋಟ ಹಿಡಿದವರನ್ನು ನೋಡಿದ. ಅವನ ಮುಖ ಕೆಂಪಗಾಗಿ ಆಮೇಲೆ ಸಪ್ಪಗಾಯಿತು. ಗಂಡ ಬಾಯಿ ತೆರೆದವನು ಅಪ್ಪನ ಕಣ್ಣು ನೋಡಿ ಮುಚ್ಚಿದ. ಗೇಟಿನವರೆಗೆ ಕಳಿಸಲು ಹೋದಾಗ ಅಣ್ಣ, "ನಾನೇನಾದ್ರೂ ತಪ್ಪು ಮಾಡಿದ್ನೇನೇ ಪುಟ್ಟಿ? ನಮ್ಮಮ್ಮ ತೀರಿಕೊಂಡಾಗ ನಿಮ್ಮ ಮಾವನವರನ್ನ ಸರಿಯಾಗಿ ಮಾತಾಡಿಸಲಿಲ್ಲ ಅಂತ ಮನಸ್ಸಲ್ಲಿಟ್ಟುಕೊಂಡಿದಾರಾ?" ಎಂದು ಕೇಳಿದ. "ಹಂಗೇನಿಲ್ಲ ಅಣ್ಣಾ" ಎಂದಳು. "ನೀನಾದ್ರೂ ಒಂದು ಮಾತು ಹೇಳಬಹುದಿತ್ತು" ಎಂದು ಚೀಲ ಕೊಡವಿ, ಮತ್ತೆ ಕಂಕುಳಲ್ಲಿಟ್ಟು, ಹಿಂದೆ ತಿರುಗದೆ ನಡೆದ. ಅವನನ್ನು ಉಳಿಸಿದ್ದೇನೆ, ಅವನಿಗೆ ಗೊತ್ತಿಲ್ಲ ಅಷ್ಟೇ ಎಂದು ಅವಳು ಹೇಳಿಕೊಂಡಳು. ಆ ಮಾತೂ ಮನಸ್ಸಿಗೆ ನಾಟಲಿಲ್ಲ.

ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡುಬಿಡಬೇಕು ಎನ್ನುವಷ್ಟರಲ್ಲಿ ಸ್ಕೂಟರೊಂದು ಗೇಟಿನ ಮುಂದೆ ನಿಂತಿತು. ಇಳಿದವಳು ಹೆಚ್ಚುಕಡಿಮೆ ಅವಳದೇ ವಯಸ್ಸಿನ ಹೆಂಗಸು, ಬಿಸಿಲಿಗೆ ಮೂಗಿನ ಮೇಲೆ ಸಿಪ್ಪೆ ಎದ್ದಿತ್ತು, ಗಂಡಸರ ಬೂಟು ಹಾಕಿಕೊಂಡಿದ್ದಳು. ಬಂದವಳೇ ಎಲ್ಲರಿಗೂ ಕೇಳುವಂತೆ, ಗುಡ್ಡದ ಬುಡದಲ್ಲಿ ತನ್ನದೊಂದು ತುಂಡು ನೆಲ ಇದೆ, ಒಬ್ಬಳೇ ಗುಂಡಿ ತೋಡಿದ್ದಾಳೆ, ಕಂಬವನ್ನೂ ತಾನೇ ನೆಟ್ಟಿದ್ದಾಳೆ, ಕೈ ನೋಡಿ ಬೇಕಾದರೆ ಎಂದು ಬೊಬ್ಬೆ ಎದ್ದ ಅಂಗೈ ತೋರಿಸಿ ನಕ್ಕಳು. ಮಾವ ಎರಡು ಕಟ್ಟು ಕೊಟ್ಟರು. ಆ ಹೆಂಗಸು ಕಟ್ಟುಗಳನ್ನು ಮಗುವಿನ ಹಾಗೆ ತೋಳಲ್ಲಿ ಹಿಡಿದುಕೊಂಡು, ನೆಟ್ಟಗೆ ಅವಳ ಹತ್ತಿರ ಬಂದು ಕೇಳಿದಳು, "ನೀವೇ ಅಲ್ವಾ ಲ್ಯಾಬಲ್ಲಿ ಇರೋದು? ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಂಗೆ ಇದೆಲ್ಲ ಹೊಸದು. ಇರೋದೆಲ್ಲ ಈ ನೆಲಕ್ಕೇ ಸುರಿದಿದ್ದೀನಿ. ಇವು ಚೆನ್ನಾಗಿವೆ ತಾನೆ? ರೋಗ ಗೀಗ ಏನಿಲ್ವಲ್ಲ?"

ಚಪ್ಪರದ ಮೇಲೆ ಕತ್ತರಿಯ ಸದ್ದು ನಿಂತಿತು. ಮಾವ ಸ್ಟೂಲಿನ ಮೇಲೆ ಕೈ ಎತ್ತಿದವರು ಎತ್ತಿದ ಹಾಗೇ ಇದ್ದರು. ಗಂಡ ಗಂಟು ಹಾಕುತ್ತಿದ್ದ, ಅತ್ತೆ ಲೋಟಗಳನ್ನು ಟ್ರೇಗೆ ಜೋಡಿಸುತ್ತಿದ್ದರು. ಹೆಂಗಸು ಕಣ್ಣು ಕಿರಿದು ಮಾಡಿ ಅವಳ ಮುಖವನ್ನೇ ನೋಡುತ್ತಿದ್ದಳು, ಬಿಸಿಲು ಆ ಕಡೆಯಿಂದ ಬೀಳುತ್ತಿತ್ತು. ನಿಮ್ಮ ಮನೆಗೆ ಒಂದು ದಿನ ಬಂದು ಹೇಳುತ್ತೇನೆ, ಇವತ್ತಲ್ಲ, ಇಲ್ಲಲ್ಲ ಎಂದು ಅವಳು ಮನಸ್ಸಿನೊಳಗೇ ಮಾತು ಕೊಟ್ಟಳು. ಬರುವುದಿಲ್ಲವೆಂದೂ ಅದೇ ಗಳಿಗೆಯಲ್ಲಿ ಗೊತ್ತಿತ್ತು. "ಚೆನ್ನಾಗಿವೆ" ಎಂದಳು. ಮೊದಲನೆಯ ಸಲ ಸರಿಯಾಗಿ ಕೇಳಿಸದೇ ಹೋಯಿತೇನೋ ಎಂದು ಮತ್ತೊಮ್ಮೆ ಹೇಳಿದಳು, "ಚೆನ್ನಾಗಿವೆ, ಏನೂ ಇಲ್ಲ."

"ಅಬ್ಬ, ನೀವು ಹೇಳಿದ್ಮೇಲೆ ಮುಗೀತು" ಎಂದಳು ಹೆಂಗಸು. "ಆ ಮೂಲೇಲಿ ಒಂದು ಕಟ್ಟಿದೆಯಲ್ಲ, ಅದು ಯಾರದ್ದು? ನನ್ನ ಹತ್ರ ಇನ್ನೂ ಜಾಗ ಇದೆ." ಕತ್ತರಿ ಮತ್ತೆ ಸದ್ದು ಮಾಡತೊಡಗಿತ್ತು. ಮೇಲಿನಿಂದ ಮಾವ, "ಯಾರದ್ದೂ ಅಲ್ಲ, ಕೊಡಮ್ಮಾ ಅವರಿಗೆ" ಎಂದರು. ಅವಳೇ ಹೋಗಿ ಅಣ್ಣನ ಕಟ್ಟನ್ನು ಎತ್ತಿದಳು. ಭಾರವಿತ್ತು. ಸ್ಕೂಟರಿನ ಹಿಂದಿನ ಸೀಟಿನ ಮೇಲೆ ಮೂರನ್ನೂ ಜೋಡಿಸಿ, ಅಲ್ಲಾಡದ ಹಾಗೆ ಹಗ್ಗ ಎಳೆದು ಕಟ್ಟಿದಳು. ಎಷ್ಟು ಆಳಕ್ಕೆ ನೆಡಬೇಕು ಎಂದು ಹೆಂಗಸು ಕೇಳಿದಾಗ ಅವಳು ಒಂದನ್ನೂ ಬಿಡದೆ ಹೇಳಿಕೊಟ್ಟಳು, ಯಾವ ತುದಿ ಕೆಳಗೆ, ರಾತ್ರಿಯೆಲ್ಲ ನೀರಲ್ಲಿ ನೆನೆಸುವುದು, ಕಡ್ಡಿ ಕೊಂಚ ವಾಲಿಸಿ ನೆಡುವುದು, ಚಿಗುರೊಡೆಯುವ ಕಣ್ಣು ಎಷ್ಟು ಮಣ್ಣೊಳಗೆ ಇರಬೇಕು ಎನ್ನುವುದು. ಅವಳಷ್ಟು ಚೆನ್ನಾಗಿ ಹೇಳಿಕೊಡುವವರು ಆ ಊರಿನಲ್ಲೇ ಇರಲಿಲ್ಲ. ಹೆಂಗಸು ಸ್ಕೂಟರ್ ಹತ್ತಿ ಕೂತು, ಮರೆಯಬಾರದೆಂದು ಪಾಠ ಒಪ್ಪಿಸುವವಳ ಹಾಗೆ ತನ್ನಷ್ಟಕ್ಕೆ ಹೇಳಿಕೊಂಡಳು, "ಎರಡು ಕಣ್ಣು ಮಣ್ಣೊಳಗೆ, ಎರಡು ಮೇಲೆ. ಸುತ್ತ ಮಣ್ಣು ಗಟ್ಟಿಯಾಗಿ ತುಳೀಬೇಕು. ಸರಿನಾ?"

"ಸರಿ" ಎಂದಳು ಅವಳು.